ಸ್ಕೋರು ಬರೆದವನೇ ಪ್ರಚಾರಕ

ಮುಂಬೈಯ ಗಿರಗಾಂವಿನ ಒಂದು ಜಾಬ್ ಪ್ರೆಸ್ಸಿನಲ್ಲಿ ನಾನು ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲಕ್ಕೆ ನಮಗೆ ಮೂರು ಬಗೆಯ ಖಾಯಂ ಗಿರಾಕಿಗಳಿದ್ದರು: ಮದುವೆಯವರು, ಹೋಟೆಲಿನವರು, ಆಟದವರು. ಮದುವೆಯವರಿಗೆ ಚಿನ್ನದ ಶಾಯಿ ಬೇಕು, ಹೋಟೆಲಿನವರಿಗೆ ಬಿಲ್ ಪುಸ್ತಕ ಬೇಕು, ಆಟದವರಿಗೆ ಎಲ್ಲವೂ ನಾಳೆ ಬೆಳಿಗ್ಗೆಗೇ ಬೇಕು. ದುಡ್ಡು ಮಾತ್ರ ಸೀಸನ್ ಮುಗಿದ ಮೇಲೆ. ಕ್ಲಬ್ಬಿನ ಸೆಕ್ರೆಟರಿ ಎಂದರೆ ಬ್ಯಾಂಕಿನ ಗುಮಾಸ್ತನೋ ಮಿಲ್ಲಿನ ಟೈಮ್ ಕೀಪರನೋ ಆಗಿರುತ್ತಿದ್ದ. ಊಟದ ಬಿಡುವಿನಲ್ಲಿ ಓಡಿ ಬಂದು ಬಾಗಿಲಲ್ಲೇ ನಿಂತು ಹೇಳುತ್ತಿದ್ದ: "ಮಾರಾಯ್ರೆ, ಮೊನ್ನೆಯದ್ದೇ ಇರಲಿ. ತಾರೀಕು, ಎದುರಾಳಿ ಮಾತ್ರ ಬದಲಿಸಿ."

ಆ ಮಾತಿಗೆ ನಾವು ಮೊದಲೇ ತಯಾರಾಗಿರುತ್ತಿದ್ದೆವು. ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ, ತೊಳೆದು, ಒಂದೊಂದನ್ನೂ ಕೇಸಿನ ಅದರದರ ಗೂಡಿಗೆ ಹಾಕಬೇಕು. ಆಟದವರ ಕರಪತ್ರವನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಸುತ್ತ ದಾರ ಬಿಗಿದು, ಕಾಗದದಲ್ಲಿ ಸುತ್ತಿ, ಕ್ಲಬ್ಬಿನ ಹೆಸರು ಬರೆದು ಗ್ಯಾಲಿಯ ಮೇಲೆ ಇಟ್ಟುಬಿಡುತ್ತಿದ್ದೆವು. ಮುಂದಿನ ಸಲ ನಾಲ್ಕು ಕಡೆ ಮಾತ್ರ ಕೈ: ವಾರ, ತಾರೀಕು, ಎದುರಾಳಿ, ಮೈದಾನ. ಟ್ರೆಡಲ್ ಯಂತ್ರ ಓಡಿಸಲು ಕೂತರೆ ಚಹಾ ಆರುವುದರೊಳಗೆ ಕಟ್ಟು ತಯಾರು. ಆಟಗಾರರಿಗೆ ಕಳಿಸುವ ಪೋಸ್ಟ್ ಕಾರ್ಡೂ ಹಾಗೆಯೇ. ಒಕ್ಕಣೆಯೆಲ್ಲ ಮೊದಲೇ ಅಚ್ಚಾಗಿರುತ್ತಿತ್ತು. ಖಾಲಿ ಬಿಟ್ಟ ಜಾಗದಲ್ಲಿ ಸೆಕ್ರೆಟರಿ ರೈಲಿನಲ್ಲಿ ಕೂತೇ ಪೆನ್ನಿನಿಂದ ತುಂಬುತ್ತಿದ್ದ.

ಈಗ ಮುಂಬೈಯ ಉಪನಗರಗಳಲ್ಲಿ ಟರ್ಫ್, ಜಿಮ್, ಈಜು ತರಗತಿ ನಡೆಸುವ ನಮ್ಮ ಕಡೆಯ ಹುಡುಗರು ಸಿಕ್ಕಾಗ ಒಂದೇ ಗೋಳು ಹೇಳುತ್ತಾರೆ. ಆಟ ನೋಡಿಕೊಳ್ಳುವುದೋ, ಮೊಬೈಲಿನಲ್ಲಿ ದಿನಕ್ಕೊಂದು ಪೋಸ್ಟ್ ಹಾಕುತ್ತ ಕೂರುವುದೋ? ಇದಕ್ಕೆ ಅವರು ಕಂಟೆಂಟ್ ಮಾರ್ಕೆಟಿಂಗ್ ಎನ್ನುತ್ತಾರೆ, ಹೊಸ ತಲೆನೋವು ಎಂದುಕೊಂಡಿದ್ದಾರೆ. ಈ ಊರಿನ ಮೈದಾನಗಳಿಗೆ ಇದು ನೂರೈವತ್ತು ವರ್ಷದ ಹಳೆಯ ಕಸುಬು. ಅದನ್ನು ನಡೆಸಿದವರಿಗೂ ಸಮಯ ಇರಲಿಲ್ಲ. ಅವರು ಪ್ರಚಾರಕ್ಕೆಂದು ಬೇರೆ ಕೆಲಸ ಮಾಡಲಿಲ್ಲ. ಹೇಗೂ ಮಾಡಲೇಬೇಕಾದ ಕೆಲಸವನ್ನು ಒಂದು ಸಲ ಬರೆದಿಟ್ಟು, ಅದನ್ನೇ ನಾಲ್ಕೈದು ಕಡೆ ಬಳಸಿಕೊಂಡರು.

ಮೊದಲು ಬರೆದವರು ಪಾರ್ಸಿಗಳು. ಅವರ ಓರಿಯೆಂಟಲ್ ಕ್ರಿಕೆಟ್ ಕ್ಲಬ್ ಶುರುವಾದದ್ದು 1848ರಲ್ಲಿ, ಜೊರಾಸ್ಟ್ರಿಯನ್ ಕ್ಲಬ್ 1850ರಲ್ಲಿ. ಆಡುತ್ತಿದ್ದದ್ದು ಕೋಟೆಯ ಹೊರಗಿನ ಎಸ್ಪ್ಲನೇಡ್ ಬಯಲಿನಲ್ಲಿ. ಇವತ್ತಿನ ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್ ಎಲ್ಲ ಆ ಬಯಲಿನ ತುಂಡುಗಳೇ. 1875ರಲ್ಲಿ ಬಾಂಬೆ ಜಿಮ್ಖಾನಾ ಎದ್ದಿತು, ಬಿಳಿಯರಿಗೆ ಮಾತ್ರ. ಅವರು ತಮ್ಮ ಹುಲ್ಲುಹಾಸನ್ನು ಜೋಪಾನವಾಗಿಟ್ಟುಕೊಂಡು, ದೇಶೀಯರು ಕ್ರಿಕೆಟ್ ಆಡುವ ಜಾಗದಲ್ಲಿ ಕುದುರೆ ಹತ್ತಿ ಪೋಲೋ ಆಡಿದರು. ಗೊರಸು ಬಿದ್ದ ನೆಲದಲ್ಲಿ ಚೆಂಡು ಎತ್ತ ಹಾರುತ್ತದೋ ಹೇಳುವವರಿಲ್ಲ. 1880ರ ದಶಕದಲ್ಲಿ ಪಾರ್ಸಿ ಆಟಗಾರರು ಸರ್ಕಾರಕ್ಕೆ ಅರ್ಜಿ ಬರೆದರು, ಪತ್ರಿಕೆಗಳಿಗೆ ಕಾಗದ ಬರೆದರು. ಈ ಹೋರಾಟದ ಮುಂದಾಳು ಶಾಪೂರ್ಜಿ ಸೊರಾಬ್ಜಿ. ಅದೇ ಮನುಷ್ಯ ಮುಂದೆ 1897ರಲ್ಲಿ ಪಾರ್ಸಿ ಕ್ರಿಕೆಟ್ಟಿನ ಚರಿತ್ರೆಯನ್ನೇ ಪುಸ್ತಕವಾಗಿ ತಂದ. ಆಡಿದವನೇ ಅರ್ಜಿದಾರ, ಅವನೇ ಚರಿತ್ರೆಕಾರ. 1885ರಲ್ಲಿ ಪಾರ್ಸಿ ಜಿಮ್ಖಾನಾ ಹುಟ್ಟಿತು. 1886ರಲ್ಲಿ, 1888ರಲ್ಲಿ ಪಾರ್ಸಿ ತಂಡಗಳು ಇಂಗ್ಲೆಂಡಿಗೆ ಹೋಗಿ ಆಡಿ ಬಂದವು. ಲೆಕ್ಕ, ಪತ್ರ, ಸ್ಕೋರು ಎಲ್ಲ ಕ್ರಮವಾಗಿ ಬರೆದಿಟ್ಟ ಜನ ಅವರು. ಹಾಗಾಗಿಯೇ ಅವರ ಕಥೆ ನಮಗೆ ಸಿಕ್ಕಿದೆ. ಅದೇ ಬಯಲಿನಲ್ಲಿ ಅದೇ ಕಾಲಕ್ಕೆ ಗಿಲ್ಲಿದಾಂಡು, ಕುಸ್ತಿ ಆಡಿದ ಎಷ್ಟೋ ಗುಂಪುಗಳ ಹೆಸರೂ ಉಳಿದಿಲ್ಲ.

ಹಿಂದೂ ಜಿಮ್ಖಾನಾ 1894ರದು. ಅದಕ್ಕೆ ಊರಾಚೆಗೂ ಹೆಸರು ಬಂದದ್ದು ಕಟ್ಟಡದಿಂದಲ್ಲ. 1906ರಲ್ಲಿ ಹಿಂದೂ ತಂಡ ಬಾಂಬೆ ಜಿಮ್ಖಾನಾದ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ತಂಡದ ಎಡಗೈ ಬೌಲರ್ ಪಾಲ್ವಣಕರ್ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಜಾತಿಯ ಕಾರಣಕ್ಕೆ ಚಹಾದ ವೇಳೆ ಹೊರಗೆ ಬೇರೆ ಕಪ್ಪಿನಲ್ಲಿ ಕುಡಿಯಬೇಕಾಗಿ ಬಂದ ಆಟಗಾರ. ಪುಣೆಯಲ್ಲಿ ಪಿಚ್ ಉರುಳಿಸುವ, ನೆಟ್ ಕಟ್ಟುವ ಸಣ್ಣ ಸಂಬಳದ ಕೆಲಸದಿಂದ ಶುರು ಮಾಡಿದವನು 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಅವನ ಪರವಾಗಿ ಭಾಷಣ ಮಾಡಲು ಆಗ ಹೆಚ್ಚು ಜನ ಇರಲಿಲ್ಲ. ಮಾತಾಡಿದ್ದು ಸ್ಕೋರು ಕಾರ್ಡು. ಪತ್ರಿಕೆಯಲ್ಲಿ ಅಚ್ಚಾದ ವಿಕೆಟ್ಟಿನ ಅಂಕಿಗೆ ಯಾರೂ ಬೇರೆ ಕಪ್ಪು ಕೊಡಲಾಗಲಿಲ್ಲ.

ಶಾಲೆಗಳಿಗೆ ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್ ಪಂದ್ಯಾವಳಿಗಳು. ಸಮುದಾಯಗಳ ತಂಡಗಳಿಗೆ 1907ರಿಂದ ಟ್ರಯಾಂಗ್ಯುಲರ್, 1912ರಿಂದ ಕ್ವಾಡ್ರಾಂಗ್ಯುಲರ್, 1937ರಿಂದ ಪೆಂಟಾಂಗ್ಯುಲರ್. ದೊಡ್ಡ ಪಂದ್ಯಗಳು ಜನ ಕೂಡಿಸಿದವು. ಆದರೆ ಸಣ್ಣ ಕ್ಲಬ್ಬುಗಳ ಹಬ್ಬವೆಂದರೆ 1948ರಲ್ಲಿ ಶುರುವಾದ ಡಾ. ಕಾಂಗಾ ಲೀಗ್. ಮಳೆಗಾಲದಲ್ಲೇ ಆಡುವ ಪಂದ್ಯಾವಳಿ ಅದು. ಒದ್ದೆ ಪಿಚ್, ಮೊಣಕಾಲು ಮುಟ್ಟುವ ಹುಲ್ಲು, ಕೆಸರಿನಲ್ಲಿ ಮಾಯವಾಗುವ ಚೆಂಡು. ಏಳು ಡಿವಿಷನ್ನುಗಳಿವೆ. ಮೇಲಿನದರಲ್ಲಿ ಟೆಸ್ಟ್ ಆಟಗಾರರು, ಕೆಳಗಿನದರಲ್ಲಿ ವಾರವಿಡೀ ದುಡಿದು ರವಿವಾರ ಬಿಳಿ ಪ್ಯಾಂಟು ಹಾಕುವ ಗುಮಾಸ್ತರು. ಒಂದೇ ರವಿವಾರ ಊರ ತುಂಬ ಅಷ್ಟೊಂದು ಪಂದ್ಯ ನಡೆದರೆ ಯಾವ ವರದಿಗಾರ ಎಲ್ಲಿಗೆಂದು ಓಡುತ್ತಾನೆ? ಆದ್ದರಿಂದ ಕ್ಲಬ್ಬಿನವರೇ ವರದಿಗಾರರಾದರು.

ಈ ಕೆಲಸ ನಾನೂ ಮಾಡಿದ್ದೇನೆ. ಸಂಜೆ ಪ್ರೆಸ್ ಬಿಟ್ಟ ಮೇಲೆ ನಾನೂ ಒಂದು ಸಣ್ಣ ಕ್ಲಬ್ಬಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು. ಡೇರೆಯ ಒಳಗೆ ಮಡಚುವ ಮೇಜು, ಅದರ ಮೇಲೆ ಉದ್ದನೆಯ ಸ್ಕೋರ್ ಪುಸ್ತಕ, ಸೀಸದ ಕಡ್ಡಿ, ರಬ್ಬರು. ಆಟ ಮುಗಿದ ಕೂಡಲೆ ಎರಡು ಕಾರ್ಬನ್ ಹಾಕಿ ಮೂರು ಪ್ರತಿ. ಮೊದಲನೆಯದು ಬೋರಿಬಂದರಿನ ಎದುರಿನ ಟೈಮ್ಸ್ ಕಟ್ಟಡಕ್ಕೋ ಫೋರ್ಟಿನ ಬೇರೆ ಪತ್ರಿಕೆಗೋ. ದ್ವಾರಪಾಲಕನ ಮೇಜಿನ ಮೇಲೆ ಇಟ್ಟು ರೈಲು ಹಿಡಿದರಾಯಿತು. ಎರಡನೆಯದು ಚಾಳಿನ ಬಾಯಲ್ಲಿರುವ ಕಪ್ಪು ಹಲಗೆಗೆ. ಅದನ್ನು ನೋಡಿ ಯಾರಾದರೂ ಸೀಮೆಸುಣ್ಣದಲ್ಲಿ ದುಂಡಗೆ ಬರೆಯುತ್ತಿದ್ದರು. ಮೂರನೆಯದು ಫೈಲಿಗೆ. ವರ್ಷದ ಕೊನೆಗೆ ಸ್ಮರಣ ಸಂಚಿಕೆ ತರುವಾಗ ಆ ಫೈಲನ್ನು ನಮ್ಮ ಪ್ರೆಸ್ಸಿನ ಮೇಜಿನ ಮೇಲೆ ಸುರಿದರೆ ಅರ್ಧ ಪುಸ್ತಕ ಅಲ್ಲೇ ಇರುತ್ತಿತ್ತು. ಒಂದು ಬರಹ, ಮೂರು ಓದುಗರು: ಊರಿನವರು, ಓಣಿಯವರು, ಮುಂದಿನ ವರ್ಷದವರು. ಖರ್ಚು ಎರಡು ಕಾರ್ಬನ್ ಕಾಗದ.

ಪತ್ರಿಕೆಯಲ್ಲಿ ಜಾಗ ಕಡಿಮೆ. ಹಾಗಾಗಿ ಶಾಲಾ ಪಂದ್ಯಗಳ ಸುದ್ದಿಯಲ್ಲಿ ಮೂವತ್ತು ರನ್ನಿಗಿಂತ ಕಡಿಮೆ ಹೊಡೆದವರ ಹೆಸರು ಬರುತ್ತಿರಲಿಲ್ಲ. ಸಚಿನ್ ತೆಂಡೂಲ್ಕರ್ ತನ್ನ ಆತ್ಮಕಥೆಯಲ್ಲಿ ಈ ನಿಯಮದ ಒಂದು ಪ್ರಸಂಗ ಹೇಳಿದ್ದಾನೆ. ಹುಡುಗನಾಗಿದ್ದಾಗ ಒಂದು ಶಾಲಾ ಪಂದ್ಯದಲ್ಲಿ ಹೊಡೆದದ್ದು 24. ಸ್ಕೋರರ್, ಹೆಸರು ಪೇಪರಿನಲ್ಲಿ ಬರಲಿ ಎಂದು ಎಕ್ಸ್ಟ್ರಾದ ಆರು ರನ್ ಸೇರಿಸಿ 30 ಮಾಡಿದ. ತಂಡದ ಮೊತ್ತ ಬದಲಾಗುವುದಿಲ್ಲವಲ್ಲ! ಮರುದಿನ ಹೆಸರು ಬಂತು. ಗುರು ರಮಾಕಾಂತ್ ಆಚ್ರೇಕರ್ ನೋಡಿ ಸಿಟ್ಟಾದರು, ಹೊಡೆಯದ ರನ್ನನ್ನು ನಿನ್ನದೆಂದು ಯಾಕೆ ಬರೆಸಿಕೊಂಡೆ ಎಂದು ಬೈದರು. ನನ್ನ ಪ್ರಕಾರ ಪ್ರಚಾರದ ಬಗ್ಗೆ ಈ ಊರಿನಲ್ಲಿ ಯಾರಾದರೂ ಕಲಿಸಿದ ಅತಿ ದೊಡ್ಡ ಪಾಠ ಅದು. ಆಚ್ರೇಕರ್ ಶಿವಾಜಿ ಪಾರ್ಕಿನಲ್ಲಿ ಕಾಮತ್ ಮೆಮೋರಿಯಲ್ ಕ್ಲಬ್ಬಿನ ನೆಟ್ ನಡೆಸುತ್ತಿದ್ದರು. ಶಿಷ್ಯರ ಸ್ಕೋರೇ ಅವರ ಜಾಹೀರಾತು. ಅದು ಸುಳ್ಳಾದರೆ ನೆಟ್ಟೇ ಸುಳ್ಳು ಎಂದು ಅವರಿಗೆ ಗೊತ್ತಿತ್ತು.

ಅದೇ ಹುಡುಗ 1988ರ ಫೆಬ್ರವರಿಯಲ್ಲಿ ವಿನೋದ್ ಕಾಂಬ್ಳಿಯ ಜತೆ ಹ್ಯಾರಿಸ್ ಶೀಲ್ಡಿನಲ್ಲಿ ಶಾರದಾಶ್ರಮ ಶಾಲೆಗಾಗಿ ಮುರಿಯದ 664 ರನ್ನುಗಳ ಜತೆಯಾಟ ಆಡಿದ. ಕಾಂಬ್ಳಿ 349, ಸಚಿನ್ 326. ಆಡಿದ್ದು ಆಜಾದ್ ಮೈದಾನದ ಸಸಾನಿಯನ್ ಕ್ಲಬ್ಬಿನ ಪಿಚ್ಚಿನಲ್ಲಿ. ಸಸಾನಿಯನ್ ಕ್ಲಬ್ ಆ ದಿನ ಆಡಿರಲೇ ಇಲ್ಲ. ಆದರೂ ಆ ದಾಖಲೆಯ ಕಥೆ ಹೇಳಿದಲ್ಲೆಲ್ಲ ಅದರ ಹೆಸರು ಬರುತ್ತದೆ. ನಮ್ಮವರಿಗೂ ಈ ಲಾಭ ಸಿಕ್ಕಿದೆ. ಕ್ರಾಸ್ ಮೈದಾನದಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ನಿನ ಮೈದಾನವಿದೆ. ಅಲ್ಲಿ ಬೇರೆ ಯಾವುದೋ ಎರಡು ತಂಡ ಫುಟ್‌ಬಾಲ್ ಆಡಿದರೂ ಸುದ್ದಿಯಲ್ಲಿ ಕರ್ನಾಟಕದ ಹೆಸರು ಅಚ್ಚಾಗುತ್ತದೆ. ಜಾಗಕ್ಕೆ ಹೆಸರಿಟ್ಟು, ಆ ಹೆಸರನ್ನೇ ಪ್ರತಿಯೊಂದು ಕಾಗದದಲ್ಲೂ ತಪ್ಪದೆ ಬರೆಯುವುದು ಎಷ್ಟು ಕೆಲಸ ಮಾಡುತ್ತದೆಂದು ಆ ಮೈದಾನ ನೋಡಿ ತಿಳಿಯಬೇಕು.

ವ್ಯಾಯಾಮಶಾಲೆಗಳಿಗೆ ಸ್ಕೋರು ಇಲ್ಲ. ಅವರು ಬೇರೆ ದಾರಿ ಹಿಡಿದರು. ದಾದರಿನ ಶ್ರೀ ಸಮರ್ಥ ವ್ಯಾಯಾಮ ಮಂದಿರ 1925ರದು. ಶಿವಾಜಿ ಪಾರ್ಕಿನ ಅಂಚಿನಲ್ಲಿ ಬಯಲಿಗೇ ಮಲ್ಲಕಂಬ ನೆಟ್ಟಿದೆ. ಸಂಜೆ ವಾಕಿಂಗಿಗೆ ಬಂದವರು ಕಂಬದ ತುದಿಯಲ್ಲಿ ಮಕ್ಕಳು ತಲೆಕೆಳಗಾಗಿ ನಿಂತದ್ದನ್ನು ನೋಡಿ ಮರುದಿನ ತಮ್ಮ ಮಗುವನ್ನು ಕರೆತರುತ್ತಾರೆ. ಪಾಠವೇ ಪ್ರದರ್ಶನ, ಅದಕ್ಕೆ ಬೇರೆ ಹೊತ್ತು ಬೇಡ. 2019ರಲ್ಲಿ ಮಲ್ಲಕಂಬದ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದೂ ಅದೇ ಶಿವಾಜಿ ಪಾರ್ಕಿನಲ್ಲಿ.

ದೂರದವರನ್ನು ತಲುಪುವುದು ಹೇಗೆ ಎಂಬುದಕ್ಕೆ ಉತ್ತರ ಕೊಟ್ಟವರು ಬೆಂಗಳೂರಿನ ಕೆ. ವಿ. ಅಯ್ಯರ್. ಕನ್ನಡಿಗರು ಅವರನ್ನು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳಿಂದ ಬಲ್ಲರು. ಕೈಲಾಸಂ ಅವರ ಆಪ್ತರೆಂದೂ ಬಲ್ಲರು. ಹರ್ಕ್ಯುಲಿಸ್ ಜಿಮ್ನಾಶಿಯಂ ನಡೆಸುತ್ತಿದ್ದ ಅಯ್ಯರ್ ಅಂಚೆಯಲ್ಲೇ ವ್ಯಾಯಾಮ ಕಲಿಸುತ್ತಿದ್ದರು. ಕಟೆದಂಥ ಮೈಯ ಫೋಟೊ, ಇಂಗ್ಲಿಷಿನಲ್ಲಿ 'ಮಸಲ್ ಕಲ್ಟ್' ಎಂಬ ಪುಸ್ತಕ, ಪತ್ರಿಕೆಗಳಿಗೆ ಲೇಖನ. ಓದಿದವನು ಕಾಗದ ಬರೆದರೆ ಪಾಠ ಅಂಚೆಯಲ್ಲಿ ಹೋಗುತ್ತಿತ್ತು. ಒಮ್ಮೆ ಸರಿಯಾಗಿ ಬರೆದ ಪಾಠ ಬೆಂಗಳೂರಿನವನಿಗೂ ಆಯಿತು, ಬೊಂಬಾಯಿಯವನಿಗೂ ಆಯಿತು. ಗುರು ಜಿಮ್ನಾಶಿಯಂ ಬಿಟ್ಟು ಎಲ್ಲೂ ಹೋಗಬೇಕಾಗಿರಲಿಲ್ಲ. ಯೂಟ್ಯೂಬಿನಲ್ಲಿ ಇವತ್ತು ದಂಡ ಬಸ್ಕಿ ಹೇಳಿಕೊಡುವವರೆಲ್ಲ ಅವರ ಮರಿಶಿಷ್ಯರು.

ಮುಂಬೈಯ ಕನ್ನಡ, ತುಳು ಸಂಘಗಳ ಆಟೋಟದ ಕಥೆ ಇನ್ನೊಂದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋಗುತ್ತಿದ್ದ ಹುಡುಗರಿಗೆ ವರ್ಷಕ್ಕೊಮ್ಮೆ ಬರುವ ಕ್ರೀಡಾಕೂಟ ಎಂದರೆ ಜಾತ್ರೆ. ವಾಲಿಬಾಲ್, ಹಗ್ಗಜಗ್ಗಾಟ, ಮಹಿಳೆಯರ ತ್ರೋಬಾಲ್. ಸ್ಮರಣ ಸಂಚಿಕೆಯ ಖರ್ಚು ಹೊರುತ್ತಿದ್ದವರು ಹೋಟೆಲಿನವರು. ನಮ್ಮ ಪ್ರೆಸ್ಸಿಗೆ ಅಂಥ ಕೆಲಸ ಬಂದರೆ ಪೂರ್ಣ ಪುಟ, ಅರ್ಧ ಪುಟ, ಕಾಲು ಪುಟ ಎಂದು ಮೂರು ಅಳತೆಯ ಚೌಕಟ್ಟು ಕಟ್ಟಿ ಇಡುತ್ತಿದ್ದೆವು. ಒಳಗೆ 'ಶುಭಾಶಯಗಳೊಂದಿಗೆ', ಕೆಳಗೆ ಹೋಟೆಲಿನ ಹೆಸರು, ವಿಳಾಸ. ಆ ಜಾಹೀರಾತುಗಳನ್ನು ಯಾರೂ ಓದುತ್ತಿರಲಿಲ್ಲ ಎಂದು ನಗುವವರಿದ್ದಾರೆ. ಆದರೆ ಸಂಚಿಕೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಗೆದ್ದ ಹುಡುಗನ ಫೋಟೊ ಅದರಲ್ಲಿರುತ್ತಿತ್ತಲ್ಲ! ಊರಿಗೆ ಹೋಗುವಾಗ ಅದು ಪೆಟ್ಟಿಗೆ ಸೇರುತ್ತಿತ್ತು, ಜತೆಗೆ ಹೋಟೆಲಿನ ವಿಳಾಸವೂ. ವರ್ಷದ ಉಳಿದ ದಿನಗಳಿಗೆ 'ಮೊಗವೀರ', 'ಅಕ್ಷಯ', 'ಬಂಟರವಾಣಿ' ಮಾಸಿಕಗಳು ಇದ್ದವು. ಸಮಾರಂಭದ ವರದಿ, ಗೆದ್ದವರ ಹೆಸರು, ಒಂದು ಗುಂಪು ಚಿತ್ರ. ಕರಾವಳಿಯ ಹುಡುಗನೊಬ್ಬ ದೊಡ್ಡ ಆಟದಲ್ಲಿ ಮಿಂಚಿದರಂತೂ ಹೇಳುವುದೇ ಬೇಡ. ಮೂಲ್ಕಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಬುಧಿ ಕುಂದರನ್ 1960ರ ಜನವರಿ 1ರಂದು ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ಎದುರು ಟೆಸ್ಟ್ ಆಡಲಿಳಿದ, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ಎದುರು 192 ಹೊಡೆದ. ಆ ಪೇಪರ್ ತುಂಡುಗಳು ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ ವರ್ಷಗಟ್ಟಲೆ ಅಂಟಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಈ ಪದ್ಧತಿಗೆ ಪೆಟ್ಟು ಬಿದ್ದದ್ದು ಆಮೇಲೆ. 1982ರ ಜನವರಿ 18ರಂದು ಮುಂಬೈಯ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಗೆ ಬಂದರು. ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಲಾಲ್‌ಬಾಗ್, ಪರೇಲಿನ ಕಬಡ್ಡಿ ಮಂಡಳಗಳಿಗೆ, ಮಿಲ್ ತಂಡಗಳಿಗೆ ಆಧಾರ ತಪ್ಪಿತು. ಜನ ಡೊಂಬಿವಲಿ, ವಿರಾರ್ ಕಡೆಗೆ ಚದುರಿದರು, ಓಣಿಯ ಕಪ್ಪು ಹಲಗೆ ನೋಡುವವರು ಕಡಿಮೆಯಾದರು. 1989ರಲ್ಲಿ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ಎಂಬ ಮನರಂಜನಾ ಉದ್ಯಾನ ತೆರೆಯಿತು. ಅದರ ಟಿವಿ ಜಾಹೀರಾತಿನ ಹಾಡು ಮಕ್ಕಳ ಬಾಯಲ್ಲೆಲ್ಲ ಕುಣಿಯಿತು. ಮನರಂಜನೆಯ ವ್ಯಾಪಾರ ಹೀಗೂ ನಡೆಯುತ್ತದೆ ಎಂದು ಊರು ಕಂಡಿತು. ದಾರಿ ತಪ್ಪಿದವರು ಸಣ್ಣವರು: ದೊಡ್ಡವರ ಹಾಗೆ ಹೊಳೆಯಬೇಕೆಂದು ಹೊರಟರು. ಮೊಳೆಯ ಅಚ್ಚು ಹೋಗಿ ಡಿಟಿಪಿ ಬಂದಾಗ ನಮ್ಮ ಪ್ರೆಸ್ಸಿಗೆ ಬಂದ ಆಟದವರು ಬಣ್ಣ ಕೇಳಿದರು, ಫ್ಲೆಕ್ಸ್ ಕೇಳಿದರು. ಸ್ಕೋರು ತಂದವರು ಕಡಿಮೆ.

ಈಗ ಠಾಣೆ, ಮೀರಾ ರೋಡ್, ಕಾಂದಿವಲಿಗಳಲ್ಲಿ ಕಟ್ಟಡದ ಮಾಳಿಗೆಯ ಮೇಲೂ ಹಸಿರು ಚಾಪೆ ಹಾಸಿ ಬಲೆ ಕಟ್ಟಿದ ಟರ್ಫುಗಳಿವೆ. ಗಂಟೆಯ ಲೆಕ್ಕದ ಬಾಡಿಗೆ. ಮಾಲೀಕನೇ ಬುಕಿಂಗ್ ಬರೆಯುತ್ತಾನೆ, ಚೆಂಡು ಕೊಡುತ್ತಾನೆ, ಲೈಟು ಹಾಕುತ್ತಾನೆ. ಅವನ ವಾಟ್ಸಾಪ್ ಸ್ಟೇಟಸ್ ನೋಡಿದರೆ ದೀಪಾವಳಿ ಶುಭಾಶಯ, ಯುಗಾದಿ ಶುಭಾಶಯ, ಯಾರದೋ ಹೇಳಿಕೆಯ ಮೇಲೆ ಸೂರ್ಯೋದಯದ ಚಿತ್ರ. ನಿನ್ನೆ ರಾತ್ರಿ ಅವನ ಕಣ್ಣೆದುರೇ ಯಾರೋ ಒಬ್ಬ ಕೊನೆಯ ಚೆಂಡಿನಲ್ಲಿ ಸಿಕ್ಸರ್ ಹೊಡೆದು ಪಂದ್ಯ ಗೆದ್ದಿದ್ದಾನೆ; ಅದು ಎಲ್ಲೂ ಇಲ್ಲ. ಹಬ್ಬದ ಶುಭಾಶಯವನ್ನು ಊರೆಲ್ಲ ಕಳಿಸುತ್ತದೆ. ಆ ಸಿಕ್ಸರಿನ ಸುದ್ದಿ ಕೊಡಬಲ್ಲವನು ಅವನೊಬ್ಬನೇ.

ಹಳೆಯ ಸೆಕ್ರೆಟರಿಗಳ ಪದ್ಧತಿಯನ್ನು ಇವತ್ತಿನ ಸಾಮಾನಿಗೆ ಹೊಂದಿಸುವುದು ಕಷ್ಟವೇನಲ್ಲ. ಒಂದು ಖಾಲಿ ನಮೂನೆ ಮಾಡಿಟ್ಟುಕೊಳ್ಳಿ: ವಾರ, ತಾರೀಕು, ತಂಡಗಳು, ಫಲಿತಾಂಶ, ಒಂದು ಹೆಸರು. ಆಟ ಮುಗಿದ ಕೂಡಲೆ ತುಂಬಿ. ಅದನ್ನೇ ಗುಂಪಿಗೆ ಕಳಿಸಿ, ಅದನ್ನೇ ಬಾಗಿಲ ಹಲಗೆಯ ಮೇಲೆ ಬರೆಯಿರಿ, ತಿಂಗಳ ಕೊನೆಗೆ ಎಲ್ಲ ಒಟ್ಟು ಮಾಡಿ ಒಂದು ಪುಟದ ವರದಿ ಮಾಡಿ. ವಾರಕ್ಕೊಂದು ಸಾಕು, ಆದರೆ ಅದೇ ದಿನ, ಅದೇ ಹೊತ್ತು. ಟರ್ಫಿನ ಹೆಸರನ್ನು ಪ್ರತಿಸಲವೂ ಒಂದೇ ರೀತಿ ಬರೆಯಿರಿ. ಮಕ್ಕಳ ಫೋಟೊ ಹಾಕುವ ಮೊದಲು ತಂದೆ ತಾಯಿಯನ್ನು ಕೇಳಿ. ಮತ್ತು 24 ಹೊಡೆದವನಿಗೆ 24 ಎಂದೇ ಬರೆಯಿರಿ.

ಇದಕ್ಕೆ ಏಜೆನ್ಸಿ ಬೇಕಿಲ್ಲ, ಡಿಸೈನರ್ ಬೇಕಿಲ್ಲ. ಮೆಟ್ರೊ ಸಿನಿಮಾ ಎದುರಿನ ಧೋಬಿ ತಲಾವಿನ ಆಟದ ಸಾಮಾನಿನ ಅಂಗಡಿಗಳಲ್ಲಿ ಸ್ಕೋರ್ ಪುಸ್ತಕ ಇನ್ನೂ ಸಿಗುತ್ತದೆ. ಒಂದು ಕೊಂಡು, ಬರೆಯುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ನಿಮ್ಮ ವ್ಯಾಪಾರಕ್ಕೆ ಬೇಕಾದ ಪ್ರಚಾರವೆಲ್ಲ ಆ ಪುಸ್ತಕದಲ್ಲಿ ತಾನಾಗಿ ತುಂಬುತ್ತದೆ.